ಮೇಸ್ತ್ರಿ ಒಳಗೆ ಹೋಗಿ ನೋಡಿ ಬರುತ್ತಿದ್ದ ಹೋಟೆಲುಗಳು

ನಮ್ಮ ಮೇಸ್ತ್ರಿಯ ಎರಡೂ ಮೊಣಕಾಲ ಚಿಪ್ಪಿನ ಮೇಲೆ ಚರ್ಮ ಕಪ್ಪಗೆ, ದಪ್ಪಗೆ ಜಡ್ಡುಗಟ್ಟಿತ್ತು. ಬೆರಳಿನಿಂದ ತಟ್ಟಿದರೆ ಮರ ತಟ್ಟಿದ ಹಾಗೆ ಸದ್ದು ಬರುತ್ತಿತ್ತು. ಆಯುಷ್ಯವಿಡೀ ಮೊಣಕಾಲೂರಿ ಊರವರ ಮನೆಗಳಿಗೆಲ್ಲ ಟೈಲ್ಸ್ ಕೂರಿಸಿದ ಕಾಲು ಅದು. ಉಗುರಿನ ಸಂದಿಯಲ್ಲಿ, ಕಿವಿಯ ಕೂದಲಲ್ಲಿ, ಹುಬ್ಬಿನಲ್ಲಿ ಯಾವಾಗಲೂ ಬಿಳಿ ಸಿಮೆಂಟು. "ಇವರನ್ನ ಕೊಡವಿದ್ರೆ ಒಂದು ಬಚ್ಚಲಿಗೆ ಆಗೋಷ್ಟು ಸಿಮೆಂಟ್ ಸಿಗ್ತದೆ" ಎಂದು ಅವರ ಹೆಂಡತಿ ನಗುತ್ತಿದ್ದರು.

ನಾನು ಅವರ ಕೈಕೆಳಗೆ ಸೇರಿದ್ದು ಆನಂದಪುರದಲ್ಲಿ ಶಾಲೆ ಬಿಟ್ಟು ಕೆಲವು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಎರಡು ಕಡೆ ಕೆಲಸ ಬಿಟ್ಟಾಗಿತ್ತು. ಒಂದು ಕಡೆ ಯಜಮಾನ ಏಕವಚನದಲ್ಲಿ ಕರೆದ. ಇನ್ನೊಂದು ಕಡೆ ಕುಡಿಯುವ ನೀರನ್ನು ಬೇರೆ ಚೊಂಬಿನಲ್ಲಿ ಕೊಟ್ಟರು. ಎರಡೂ ಸಲ ಕೈಯಲ್ಲಿದ್ದ ಸಾಮಾನು ಅಲ್ಲೇ ಎಸೆದು ಬಂದೆ. ದುಡಿಯುವುದರಲ್ಲಿ ನಾನು ಯಾರಿಗೂ ಕಮ್ಮಿ ಇಲ್ಲ, ಮಾತು ಕೇಳುವುದು ಮಾತ್ರ ನನ್ನಿಂದ ಆಗುವುದಿಲ್ಲ. ಮೇಸ್ತ್ರಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಸೇರಿಸಿಕೊಂಡರು.

ನಮ್ಮ ಕೆಲಸ ಹೆಚ್ಚಾಗಿ ಸಾಗರ, ಹೊಸನಗರ, ತೀರ್ಥಹಳ್ಳಿ ಪೇಟೆಗಳ ನಡುಮಧ್ಯೆಯೇ: ಅಂಗಡಿ, ಲಾಡ್ಜು, ಡಾಕ್ಟರ ಕ್ಲಿನಿಕ್ಕು. ಮಧ್ಯಾಹ್ನದ ಊಟ ಹೋಟೆಲಿನಲ್ಲಿ. ಯಾವ ಹೋಟೆಲು ಎನ್ನುವುದನ್ನು ಮೇಸ್ತ್ರಿಯೇ ತೀರ್ಮಾನ ಮಾಡಬೇಕು. ತೀರಾ ಅಗ್ಗದ ಕಡೆ ಅವರು ಕಾಲಿಡುತ್ತಿರಲಿಲ್ಲ. "ಕಲ್ಲು ಹೊರೋ ಮೈಗೆ ಕಳಪೆ ಅನ್ನ ಹಾಕಬಾರ್ದು. ಹಂಗಂತ ದಿನದ ಕೂಲಿ ಮಧ್ಯಾಹ್ನಕ್ಕೇ ಮುಗಿದೂ ಹೋಗಬಾರ್ದು. ನಡುವಿಂದು ನೋಡನ" ಎನ್ನುತ್ತಿದ್ದರು. ಆ ನಡುವಿನದನ್ನು ಹುಡುಕುವುದರಲ್ಲಿ ಅವರಿಗೊಂದು ಕ್ರಮವಿತ್ತು. ನಮಗೆ ನಲ್ಲಿ ತೋರಿಸಿ, "ನೀವು ಕೈಕಾಲು ತೊಳ್ದು ಅಂಗಿ ಬದಲಿಸ್ರಾ, ನಾನು ಒಳಗೆ ಹೋಗಿ ಸಾಂಬಾರ್ ಹೆಂಗಿದೆ ನೋಡ್ಕಂಡು ಬರ್ತೀನಿ" ಎಂದು, ತಾವು ಮಾತ್ರ ಮೈಮೇಲಿನ ಧೂಳನ್ನೂ ಕೊಡವದೆ, ಮೇಲೆ ಕಟ್ಟಿದ ಪಂಚೆ ಇಳಿಸದೆ ಹಾಗೇ ಒಳಗೆ ನುಗ್ಗುತ್ತಿದ್ದರು. ಐದು ನಿಮಿಷಕ್ಕೆ ಟವೆಲಿನಿಂದ ಬಾಯಿ ಒರೆಸುತ್ತ ಹೊರಗೆ ಬರುವುದು. "ಬನ್ರಾ, ಅಡ್ಡಿಲ್ಲ" ಅಂದರೆ ಊಟ ಅಲ್ಲೇ. ಕೆಲವು ಸಲ ಮುಖ ಗಂಟಿಕ್ಕಿ, "ಸಾಂಬಾರ್ ಸಪ್ಪೆ ಮಾರಾಯ, ಮುಂದೆ ಹೋಗನ" ಎನ್ನುತ್ತಿದ್ದರು. ಇನ್ನು ಕೆಲವು ಸಲ "ಎಣ್ಣೆ ಹಳೇದು" ಅಥವಾ "ಅಕ್ಕಿ ಮುಗ್ಗು."

ಹೊಟ್ಟೆ ಹಸಿದು ಬಿಸಿಲಲ್ಲಿ ನಿಂತವರಿಗೆ ಸಿಟ್ಟು ಬಾರದೆ ಇರುತ್ತದೆಯೇ? ಒಮ್ಮೆ ಸಾಗರದಲ್ಲಿ ಮಾರ್ಕೆಟ್ಟಿನ ಹತ್ತಿರದ ಗಾಜಿನ ಬಾಗಿಲಿನ ಹೋಟೆಲಿನಿಂದ ಹೀಗೇ ಬಾಯಿ ಒರೆಸುತ್ತ ಬಂದು "ಸಪ್ಪೆ" ಅಂದರು. ಒಳಗಿನಿಂದ ಒಗ್ಗರಣೆಯ ಪರಿಮಳ ರಸ್ತೆಗೇ ಬಡಿಯುತ್ತಿತ್ತು.

ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಹುಟ್ಟಿದಾಗ ಇವರಮ್ಮ ಜೇನುತುಪ್ಪದ ಬದಲು ಸಾಂಬಾರ್ ನೆಕ್ಕಿಸಿರ್ಬೇಕು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಸ್ತ್ರಿಯೂ ನಕ್ಕರು. "ಹೌದಾ ತಮಾ, ಇಂಗು ಜಾಸ್ತಿ ಹಾಕಿ ನೆಕ್ಕಿಸಿದ್ಲು" ಎಂದು ನಮ್ಮ ಮುಂದೆ ಮುಂದೆ ನಡೆದುಬಿಟ್ಟರು.

ಅವರು ಒಪ್ಪಿದ ಹೋಟೆಲುಗಳಲ್ಲಿ ಊಟ ಕೆಟ್ಟದಾಗಿರಲಿಲ್ಲ, ಹಾಗಂತ ಅಪರೂಪದ್ದೂ ಅಲ್ಲ. ಹೊಸನಗರದ ಒಂದರಲ್ಲಿ ಸಾರು ನೀರಾಗಿರುತ್ತಿತ್ತು. ಆದರೆ ಬಡಿಸುವವ ಮೂರನೇ ಸಲ ಅನ್ನ ಕೇಳಿದರೂ "ಉಣ್ಣಿ ಉಣ್ಣಿ" ಎನ್ನುತ್ತಿದ್ದ. ತೀರ್ಥಹಳ್ಳಿಯಲ್ಲಿ ಯಜಮಾನರೇ ಗಲ್ಲಾದ ಕುರ್ಚಿಯಿಂದ ಎದ್ದು ಬಂದು, "ಯಾರ ಮನೆ ಕೆಲಸ? ಸೆಕೆ ಜಾಸ್ತಿ, ಫ್ಯಾನಿನ ಕೆಳಗೆ ಕೂರಿ" ಎಂದು ಜಾಗ ಮಾಡಿಕೊಡುತ್ತಿದ್ದರು. ನಾನು ಅದನ್ನೆಲ್ಲ ಯೋಚಿಸಲೇ ಇಲ್ಲ. ಮೇಸ್ತ್ರಿಯ ನಾಲಿಗೆ ದೊಡ್ಡದು, ರುಚಿ ಸಣ್ಣದು ಎಂದುಕೊಂಡೆ. ಆ ಮಾತನ್ನು ಬೇಕಾದಷ್ಟು ಸಲ ಬೇಕಾದಷ್ಟು ಜನರ ಮುಂದೆ ಆಡಿದ್ದೇನೆ.

ಆಮೇಲೆ ನಾನೇ ಗುತ್ತಿಗೆ ಹಿಡಿಯಲು ಶುರು ಮಾಡಿದೆ. ಕಾರು ಬಂತು. ಮಗಳು ಪಿಯುಸಿ ಪಾಸಾದ ದಿನ ಅವಳನ್ನೂ ಹೆಂಡತಿಯನ್ನೂ ಸಾಗರದ ಆ ಗಾಜಿನ ಬಾಗಿಲಿನ ಹೋಟೆಲಿಗೇ ಕರೆದುಕೊಂಡು ಹೋದೆ. ಒಂದು ಥರದ ಛಲ. ಬಾಗಿಲು ತೆಗೆದು "ಬನ್ನಿ ಸಾರ್" ಅಂದರು. ಸಾಂಬಾರಿನಲ್ಲಿ ಬೇಳೆ ಬೆಂದು ಬೆಣ್ಣೆಯಾಗಿತ್ತು, ಹುಳಿ ಖಾರ ಹದವಾಗಿತ್ತು. ಮಗಳು ಬಟ್ಟಲು ಎತ್ತಿ ಕುಡಿದಳು.

ಮರುವಾರ ಕೋಣಂದೂರಿನ ಕಡೆ ಕೆಲಸವಿತ್ತು. ಅಲ್ಲೇ ಹತ್ತಿರವಿದ್ದ ಮೇಸ್ತ್ರಿಯ ಮನೆಗೆ ಹೋದೆ. ಧೂಳು ಕುಡಿದು ಕುಡಿದು ಅವರ ಎದೆ ಹಾಳಾಗಿತ್ತು. ನಾಲ್ಕು ಮಾತಿಗೊಮ್ಮೆ ನಿಲ್ಲಿಸಿ ಉಸಿರು ಎಳೆಯಬೇಕು. ಅವರನ್ನು ಕೆಣಕಿ ನಗಿಸೋಣ ಎಂದೇ ಕೇಳಿದೆ:

"ಮೇಸ್ತ್ರಿ, ಆ ಮಾರ್ಕೆಟ್ ಹತ್ರದ ಹೋಟ್ಲಲ್ಲಿ ಉಂಡೆ. ಸಾಂಬಾರ್ ಅಂದ್ರೆ ಸಾಂಬಾರ್! ನೀವು ಸಪ್ಪೆ ಅಂತ ಹೇಳಿ ನಮ್ಮನ್ನ ಬಿಸಿಲಲ್ಲಿ ನಡೆಸಿದ್ರಲ್ಲ?"

"ಹೌದಾ? ಚೆನ್ನಾಗಿದ್ಯಾ?" ಎಂದರು. ನಿಜವಾಗಿ ತಿಳಿದುಕೊಳ್ಳುವವರ ಹಾಗೆ ಕೇಳಿದರು. "ನಾನು ಅಲ್ಲಿ ತಿಂದೇ ಇಲ್ಲ ಮಾರಾಯ."

ನನಗೆ ಅರ್ಥವಾಗಲಿಲ್ಲ. "ಮತ್ತೆ ಒಳಗೆ ಹೋಗಿ ಎಂತ ಮಾಡ್ತಿದ್ರಿ?"

"ಕೂರಕ್ಕೆ ಹೋಗ್ತಿದ್ದೆ. ಅವತ್ತು ಆ ಮಾಣಿ, ಕುರ್ಚಿ ಗಲೀಜಾಗ್ತದೆ, ಹಿಂದ್ಗಡೆ ಬಾ, ಪೊಟ್ಟಣ ಕಟ್ಟಿ ಕೊಡ್ತೀನಿ ಅಂದ. ಕೆಲವು ಕಡೆ ಮಾತಾಡ್ತಾನೇ ಇರ್ಲಿಲ್ಲ. ಕೂತೇ ಇದ್ರೂ ನೀರು ತರ್ತಿರ್ಲಿಲ್ಲ." ಸ್ವಲ್ಪ ಹೊತ್ತು ಉಸಿರೆಳೆದುಕೊಂಡರು. "ನಮ್ಮಲ್ಲಿ ಎಲ್ರಿಗಿಂತ ಗಲೀಜಾದವನಿಗೆ ಜಾಗ ಕೊಟ್ರೆ ತೊಳ್ಕಂಡು ಬಂದವರಿಗೂ ಕೊಡ್ತಾರೆ. ಅಷ್ಟೇಯ. ರುಚಿ ನೋಡಕ್ಕೆ ನಂಗೆಲ್ಲಿ ಬರ್ತದೆ? ಬೀಡಿ ಸೇದಿ ಸೇದಿ ನಾಲಿಗೆ ಯಾವತ್ತೋ ಸತ್ತೋಗಿತ್ತು."

"ನಮ್ಗೆ ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳದಾ!" ಎಂದು ನಗಲು ಹೋಗಿ ಕೆಮ್ಮು ಬಂತು. ಅವರ ಹೆಂಡತಿ ನೀರು ತಂದರು. ಕುಡಿದು ಹೇಳಿದರು: "ಯಾರಾದ್ರೂ ಒಂದು ಮಾತಂದ್ರೆ ಕರಣೆ ಬಿಸಾಕಿ ಹೋಗವ ನೀನು. ನಾಲ್ಕು ದಿನ ನಿಂತ್ರೆ ಕೆಲ್ಸ ಕಲೀತೀಯ, ಹೋದ್ರೆ ಹೋಗೇ ಹೋಗ್ತೀಯ ಅಂತ ನಂಗೆ ಗೊತ್ತಿತ್ತು. ನಿನ್ನ ಕೈ ಚೆನ್ನಾಗಿತ್ತು ತಮಾ, ಅದಕ್ಕೆ."

ಮಾನ ಮಾನ ಎಂದು ಮೆರೆದವನು ನಾನು. ಆ ಮಾನವನ್ನು ಒಬ್ಬರು ದಿನಾ ಮಧ್ಯಾಹ್ನ ತಮ್ಮದನ್ನು ಕೊಟ್ಟು ಕಾಪಾಡಿದ್ದಾರೆ, ಏನೂ ತಿನ್ನದ ಬಾಯಿಯನ್ನು ನನ್ನೆದುರು ಒರೆಸಿಕೊಂಡಿದ್ದಾರೆ. ನಾನು ಅವರ ತಾಯಿಯನ್ನು ಹಿಡಿದು ತಮಾಷೆ ಮಾಡಿದ್ದೇನೆ.

"ನಡೀರಿ ಮೇಸ್ತ್ರಿ, ನಾಳೆ ಕಾರಲ್ಲಿ ಕರ್ಕಂಡು ಹೋಗ್ತೀನಿ. ಅಲ್ಲೇ ಕೂತು ಉಣ್ಣನ" ಅಂದೆ.

"ನಂಗೆಂತಕ್ಕೆ? ಅನ್ನ ಗಂಟಲಲ್ಲಿ ಇಳಿಯದಿಲ್ಲ ಈಗ. ನಿನ್ನ ಹುಡುಗ್ರು ಎಲ್ಲಿ ಉಣ್ತಾರೆ?"

ನನಗೆ ಗೊತ್ತಿರಲಿಲ್ಲ. ಅವರ ಕೈಗೆ ಊಟದ ಖರ್ಚು ಕೊಟ್ಟು ನಾನು ಬೇರೆ ಕಡೆ ಉಣ್ಣುತ್ತಿದ್ದೆ. "ಪೇಟೇಲಿ ಎಲ್ಲೋ" ಅಂದೆ.

ಆ ಮಳೆಗಾಲ ಮುಗಿಯುವುದರೊಳಗೆ ಅವರು ಹೋದರು. ಹೊರುವಾಗ ಅವರ ಭಾರವೇ ಇರಲಿಲ್ಲ.

ಈಗ ನಾನು ಹುಡುಗರ ಜೊತೆಗೇ ಉಣ್ಣುತ್ತೇನೆ. ಮೇಸ್ತ್ರಿ ಒಪ್ಪಿದ್ದ ಹೋಟೆಲುಗಳಲ್ಲಿ ಮೂರೂ ಊರಲ್ಲಿ ಇನ್ನೂ ಒಂದೊಂದು ಉಳಿದಿದ್ದವು, ಅಲ್ಲಿಗೇ ಹೋಗುತ್ತಿದ್ದೆವು. ಹೋದ ತಿಂಗಳು ತೀರ್ಥಹಳ್ಳಿಯದು ಮುಚ್ಚಿತು. ಪಕ್ಕದ ರಸ್ತೆಯಲ್ಲಿ ಹೊಸದೊಂದು ಕಂಡಿತು, ರೇಟು ಪರವಾಗಿಲ್ಲ. ಹುಡುಗರನ್ನು ಫುಟ್‌ಪಾತಿನಲ್ಲಿ ನಿಲ್ಲಿಸಿ ನಾನು ಒಳಗೆ ಹೋದೆ. ಮಾಣಿ ಓಡಿಬಂದು ಕುರ್ಚಿ ಎಳೆದ. "ಬನ್ನಿ ಸಾರ್, ಎಸಿ ಮೇಲಿದೆ." ನನ್ನ ಅಂಗಿ ಇಸ್ತ್ರಿಯದು, ಜೇಬಿನಲ್ಲಿ ಕಾರಿನ ಕೀ. ನನಗೆ ಎಲ್ಲಿ ಹೋದರೂ ಹೀಗೇ ಅನ್ನುತ್ತಾರೆ. ನಾನು ನೋಡಿಕೊಂಡು ಬರುವುದರಲ್ಲಿ ಏನೂ ಇಲ್ಲ. ನೋಡಬೇಕಾದರೆ ಹೊರಗೆ ನಿಂತವರಲ್ಲಿ ಒಬ್ಬನನ್ನು ಧೂಳು ಮೈಯಲ್ಲೇ ಕಳಿಸಬೇಕು. ಯಾರನ್ನು ಕಳಿಸಲಿ?

ಹೊರಗೆ ಬಂದೆ. ಎಲ್ಲರೂ ನನ್ನ ಮುಖ ನೋಡಿದರು.

"ಹೆಂಗದೆ ಸಾರ್, ಹೋಗಬಹುದಾ?" ಎಂದ ಒಬ್ಬ.

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.