ತೋಳಿನ ಮೇಲೊಂದು ಹಳೆಯ ಗೆರೆ

ಧಾರವಾಡದ ಲೈನ್ ಬಜಾರದಲ್ಲಿ ಇನ್ನೂ ಬೆಳಕು ಹರಿದಿಲ್ಲ. ದರ್ಜಿ ಖಾಜಾಸಾಬರು ಅಂಗಡಿಯ ಕಟ್ಟೆಯ ಮೇಲೆ ಕೂತು ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ ಗಾಳಿ ಹಾಕುತ್ತಿದ್ದಾರೆ. ಇವತ್ತು ಕಾಲೇಜಿನಲ್ಲಿ ಮೌಖಿಕ ಪರೀಕ್ಷೆ, ಕೋಟು ತೊಟ್ಟೇ ಹೋಗಬೇಕು. ಗೂಟಕ್ಕೆ ತೂಗುಹಾಕಿದ ಬೂದು ಕೋಟನ್ನು ಕೇಳಿಕೊಂಡು ಯಾರಾದರೂ ಬಂದೇ ಬರುತ್ತಾರೆ.

ಆ ಕೋಟು ಮಾರಾಟಕ್ಕಲ್ಲ. ಉಸ್ತಾದ ಇಮಾಮಹುಸೇನರ ಬಳಿ ಕೆಲಸ ಕಲಿಯುವಾಗ ಖಾಜಾಸಾಬರು ತಾವೇ ಕತ್ತರಿಸಿದ ಮೊದಲ ಕೋಟು. ಕಾಲರು ತುಸು ಸೊಟ್ಟಗಾಗಿ ಗಿರಾಕಿ ಬೇಡವೆಂದ. ಅಂದಿನಿಂದ ಅದು ಕೋಟಿಲ್ಲದ ಹುಡುಗರಿಗೆ ಎರವಲು. ಆಗೆಲ್ಲ ಹಳ್ಳಿಯ ಹುಡುಗರು ಬುತ್ತಿಗಂಟು ಹೊತ್ತು ನಡೆದೇ ಬರುತ್ತಿದ್ದರು. ಒಬ್ಬನ ಬೆವರು ಆರುವ ಮೊದಲೇ ಇನ್ನೊಬ್ಬ ಕೋಟು ತೊಡುತ್ತಿದ್ದ. "ಏನ್ ಗದ್ಲರೀ ಆವಾಗ! ಈಗ ಬಾಳ ಮಂದಿ ಹೊಲಿಸಿಕೊಂಡ ಬರ್ತಾರ. ಅಂಗಡಿ ಭಣಭಣ ಅನಸ್ತೈತ್ರಿ" ಎಂದು ಗಿರಾಕಿಗಳ ಮುಂದೆ ನೆನೆಯುತ್ತಾರೆ.

ಇವತ್ತು ಬಂದವನು ಉಪ್ಪಿನಬೆಟಗೇರಿಯ ದ್ಯಾಮಣ್ಣ. ಓದೇನೋ ಓದಿದ್ದಾನೆ, ಪರೀಕ್ಷಕರ ಮುಂದೆ ಬಾಯಿ ಬಿಡುವ ಧೈರ್ಯವಿಲ್ಲ. ಕಾಲೇಜು ಬಿಟ್ಟು ಊರಿಗೆ ಹೋಗಲು ಹಾಸಿಗೆ ಸುತ್ತಿಟ್ಟೇ ಬಂದಿದ್ದಾನೆ.

"ಕಾಕಾ, ಈ ಕೋಟ್ ಹಾಕ್ಕೊಂಡವರು ಯಾರೂ ನಪಾಸಾಗಿಲ್ಲಂತ, ಖರೇ ಏನ್ರಿ?"

ಹೌದೆಂದರೆ ಮುಗಿಯಿತು. ಆದರೆ ಖಾಜಾಸಾಬರಿಗೆ ಸುಳ್ಳು ಬಾಯಿಗೆ ಬರುವುದಿಲ್ಲ. "ಆಗ್ಯಾರೋ ತಮ್ಮಾ. ಇಬ್ಬರು."

ಹುಡುಗ ಕೋಟಿನ ತೋಳಿಗೆ ತೂರಿಸಿದ್ದ ಕೈಯನ್ನು ಹಿಂದೆಗೆಯುತ್ತಾನೆ. ಖಾಜಾಸಾಬರು ಆ ತೋಳಿನ ತುದಿಯನ್ನು ದೀಪದ ಬೆಳಕಿಗೆ ಹಿಡಿಯುತ್ತಾರೆ. ಅಲ್ಲಿ ಹಳೆಯ ಮಡಿಕೆಯ ಮಾಸಿದ ಗೆರೆಯಿದೆ.

"ಇಲ್ನೋಡು. ಅವರಾಗ ಒಬ್ಬ ಮಹಾಂತಯ್ಯ. ಅಳಕೋತ ಕೋಟ್ ಕಟ್ಟಿ ಮ್ಯಾಲ ಒಗದು ಹೋದ. ಮುಂದಿನ ವರ್ಷ ಮತ್ತ ಬಂದ. ಅಷ್ಟರಾಗ ಕೈ ಬೆಳದಿದ್ವು, ತೋಳು ಗಿಡ್ಡಾತು. ಮಡಿಕಿ ಬಿಚ್ಚಿ ಇಳಿಸಿಕೊಟ್ಟೆ. ಪಾಸಾದ. ಈಗ ಹುಬ್ಬಳ್ಳ್ಯಾಗ ಮಾಸ್ತರ ಆಗ್ಯಾನ."

"ಇನ್ನೊಬ್ಬರು?"

"ಆತ ತಿರುಗಿ ಬರಲೇ ಇಲ್ಲಪಾ."

ದ್ಯಾಮಣ್ಣ ಆ ಗೆರೆಯ ಮೇಲೆ ಹೆಬ್ಬೆರಳಾಡಿಸುತ್ತಾನೆ. ಆಮೇಲೆ ಕೋಟು ತೊಟ್ಟು ಹೊರಡುತ್ತಾನೆ.

ಸಂಜೆ ಕೋಟು ಮರಳಿಸುವಾಗ ಅವನ ಮುಖದಲ್ಲಿ ಕಳೆಯಿದೆ. "ಒಂದು ಪ್ರಶ್ನೆಗೆ ಉತ್ತರ ಬರಲಿಲ್ಲ ಕಾಕಾ. ಬರೂದಿಲ್ಲರಿ, ಮುಂದಿಂದು ಕೇಳ್ರಿ ಅಂದೆ. ಆ ಮುಂದಿನದಕ್ಕ ಉತ್ತರ ಹೇಳಿದೆ! ಪಾಸೋ ನಪಾಸೋ ಗೊತ್ತಿಲ್ಲ. ಹಾಸಿಗಿ ಅಂತೂ ಬಿಚ್ಚತೇನಿ."

ಅವನು ಹೋದ ಮೇಲೆ ಖಾಜಾಸಾಬರು ಕೋಟನ್ನು ಕೊಡವಿ ಗೂಟಕ್ಕೆ ಹಾಕುತ್ತಾರೆ. "ಪಾಸಾದವರು ಪೇಡೆ ತರ್ತಾರ್ರಿ, ಸಂತೋಷ. ಆದ್ರ ಆ ಇನ್ನೊಬ್ಬ ಹುಡುಗ ಒಮ್ಮೆ ಬರಬೇಕಿತ್ತು" ಎಂದು ತೋಳಿನ ಒಳಮಗ್ಗುಲು ತಿರುವಿ ಎದುರಿಗಿದ್ದ ಗಿರಾಕಿಗೆ ತೋರಿಸುತ್ತಾರೆ. "ಇನ್ನೂ ಒಂದ್ ಬೆರಳಷ್ಟು ಬಟ್ಟಿ ಮಡಚಿಟ್ಟೇನ್ರಿ."