ಆತ್ಯಾಳ ನರ್ಮದಾ ತಪಾಸಣೆ

ನಮ್ಮ ಕೃಷ್ಣಾಬಾಯಿ ಆತ್ಯಾ, ಅಂದರೆ ನನ್ನ ತಂದೆಯ ತಂಗಿ, ಮಿರಜದಲ್ಲಿ ಇಪ್ಪತ್ತೆರಡು ವರ್ಷ ಸರಕಾರಿ ಎಸ್‌ಟಿ ಬಸ್ಸಿನ ಕಂಡಕ್ಟರ್ ಆಗಿದ್ದವಳು. ಕೆಲಸ ಅವಳಿಗೆ ಅನುಮಾನ ಕಲಿಸಿತೋ, ಅನುಮಾನದ ಸ್ವಭಾವಕ್ಕೆ ಆ ಕೆಲಸ ಒಗ್ಗಿತೋ ಗೊತ್ತಿಲ್ಲ. ಬೇಡಗ ಹಳ್ಳಿಯ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತವನಿಗೆ ನಿಜವಾಗಿ ನಿದ್ದೆ ಬಂದಿದೆಯೋ, ಟಿಕೆಟ್ ತಪ್ಪಿಸುತ್ತಿದ್ದಾನೋ ಎಂಬುದನ್ನು ಅವನ ಕಾಲ್ಬೆರಳು ನೋಡಿಯೇ ಹೇಳುತ್ತಿದ್ದಳು. ನಾನು ಹೊಟ್ಟೆನೋವೆಂದು ಕಾಲೇಜು ತಪ್ಪಿಸಿದ ದಿನ, "ಸುಖದಾ, ಎಲ್ಲಿ ನಾಲಿಗಿ ತಗಿ" ಎಂದವಳೂ ಅವಳೇ. ಅವಳ ಮೇಲೆ ನನಗೆ ಪ್ರೀತಿ ಇದೆ, ಸಿಟ್ಟೂ ಇದೆ. ಸಿಟ್ಟು ಕಾಕಾನ ವಿಷಯಕ್ಕೆ.

ಕಾಕಾ ಅಂದರೆ ಅವಳ ಗಂಡ ಹಯಗ್ರೀವರಾಯರು. ಸಾಂಗ್ಲಿಯ ಅರಿಶಿನ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು, ಮಾತು ಕಡಿಮೆ. 2018ರ ದೀಪಾವಳಿ ಮುಗಿಸಿ ನರ್ಮದಾ ಪರಿಕ್ರಮಕ್ಕೆ ಹೊರಟರು. ಓಂಕಾರೇಶ್ವರದಿಂದ ಶುರು ಮಾಡಿ, ನದಿಯನ್ನು ಸದಾ ಬಲಗಡೆಗೆ ಇಟ್ಟುಕೊಂಡು, ಎಲ್ಲಿಯೂ ಅದನ್ನು ದಾಟದೆ, ಸಮುದ್ರದ ಬಳಿ ಮಾತ್ರ ದೋಣಿ ಹತ್ತಿ, ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ನಡೆದು ಮತ್ತೆ ಅಲ್ಲಿಗೇ ಬರಬೇಕು. ದಾರಿಯ ಆಶ್ರಮಗಳಲ್ಲಿ ಉಳಿದಾಗ ಒಂದು ವಹಿಯಲ್ಲಿ ತಾರೀಖು ಸಹಿತ ಸಿಕ್ಕಾ, ಅಂದರೆ ಆಶ್ರಮದ ಮುದ್ರೆ, ಹಾಕಿಸಿಕೊಳ್ಳುತ್ತಾರೆ. ನಾಲ್ಕು ತಿಂಗಳ ಮೇಲೆ ಕಾಕಾ ಕರ್ರಗಾಗಿ, ಅರ್ಧ ಇಳಿದು ಬಂದರು.

ಮನೆಯಲ್ಲಿ ಸಮಾರಾಧನೆ ಇಟ್ಟರು. ಎಲೆ ಹಾಕಿ ಆಗಿತ್ತು. ಬಂದವರು ವಹಿಯನ್ನು ಕಣ್ಣಿಗೊತ್ತಿಕೊಂಡು ಒಬ್ಬರಿಂದ ಒಬ್ಬರಿಗೆ ಕೊಡುತ್ತಿದ್ದರು. ಹುಳಿ ಬಡಿಸುತ್ತಿದ್ದ ಆತ್ಯಾ ಸೌಟು ಕೆಳಗಿಟ್ಟು ವಹಿ ಇಸಿದುಕೊಂಡಳು.

"ಈ ಆಶ್ರಮದ ಸಿಕ್ಕಾ ಹನ್ನೆರಡನೇ ತಾರೀಖಿಂದು. ಮುಂದಿನ ಆಶ್ರಮದ್ದೂ ಹನ್ನೆರಡನೇ ತಾರೀಖಿಂದ. ನಡುವ ಅರವತ್ತು ಕಿಲೋಮೀಟರ್. ನಮ್ಮ ಬಸ್ಸಿನ ಟಿಕೆಟ್ ಲೆಕ್ಕದಾಗ ಆರು ಕಿಲೋಮೀಟರಿಗೊಂದು ಟಪ್ಪಾ ಅಂದ್ರೂ ಹತ್ತು ಟಪ್ಪಾ ಆತು. ಒಂದ ದಿನದಾಗ ನಡದ್ರೇನು?"

"ನಾ ಎಲ್ಲಾ ನಡದೇನಿ" ಎಂದರು ಕಾಕಾ.

"ಮತ್ತ ಇದೇನು?"

ಕಾಕಾ ತಲೆ ಬಗ್ಗಿಸಿ ಊಟ ಮುಗಿಸಿದರು. ಆ ಅರವತ್ತು ಕಿಲೋಮೀಟರನ್ನು ಅವಳು ಹಿಂದಿನ ದಿನವೇ ಮೊಬೈಲಿನಲ್ಲಿ ಅಳೆದು ನೋಡಿದ್ದಳೆಂದು ಆಮೇಲೆ ತಿಳಿಯಿತು. ಕೋಣೆಯಲ್ಲಿ ಕೇಳಬಹುದಾಗಿದ್ದನ್ನು ಪಂಕ್ತಿಯಲ್ಲಿ ಕೇಳಿದಳು! ಕೃಷ್ಣಾ ನದಿಯ ಘಾಟಿನಲ್ಲಿ ದಿನಾ ಕೂಡುವ ಗೆಳೆಯರು ಕಾಕಾನಿಗೆ 'ನಾನ್‌ಸ್ಟಾಪ್' ಎಂದು ಹೆಸರಿಟ್ಟರು. ಕಾಕಾ ಘಾಟಿಗೆ ಹೋಗುವುದನ್ನೇ ಬಿಟ್ಟರು. ಮನೆಯಲ್ಲಿ ನರ್ಮದೆಯ ಹೆಸರು ಎತ್ತುವುದನ್ನೂ ಬಿಟ್ಟರು.

ಐದು ವರ್ಷ ಹೀಗೇ ಹೋಯಿತು. ನಿವೃತ್ತಿಯಾದ ವರ್ಷ ಆತ್ಯಾ ತಾನೂ ಪರಿಕ್ರಮಕ್ಕೆ ಹೋಗುತ್ತೇನೆ ಎಂದಾಗ ಎಲ್ಲರೂ ಭಕ್ತಿ ಎಂದುಕೊಂಡರು. ನನಗೆ ನಿಜ ಗೊತ್ತಿತ್ತು. ಕಾಕಾ ಮನೆಯಲ್ಲಿಲ್ಲದಾಗ ಆ ಎರಡು ಸಿಕ್ಕಾಗಳ ಫೋಟೋ ತೆಗೆಸಿಕೊಂಡದ್ದು ನನ್ನಿಂದಲೇ. ಹೆಂಡತಿಯೊಬ್ಬಳು ಗಂಡನ ಸುಳ್ಳು ಹಿಡಿಯಲು ಮೂರು ಸಾವಿರ ಕಿಲೋಮೀಟರ್ ನಡೆಯುತ್ತಾಳೆಂದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹೊರಟ ಮೇಲೆ ದಿನಾ ಸಂಜೆ ನನಗೆ ಅವಳ ಫೋನು ಬರುತ್ತಿತ್ತು. ಮೊದಲ ವಾರದಲ್ಲೇ ಹಿಮ್ಮಡಿ ತುಂಬ ಬೊಕ್ಕೆ. ಸೂಜಿದಾರ ಪೋಣಿಸಿ ನೀರು ತೆಗೆಯುವುದನ್ನು ಯಾರೋ ಕಲಿಸಿದರಂತೆ. ಸ್ಟೀಲಿನ ಡಬ್ಬಿ, ಎರಡನೇ ಸ್ವೆಟರು, ಬಿಸಿನೀರಿನ ಚೀಲ ಎಲ್ಲವನ್ನೂ ದಾರಿಯಲ್ಲಿ ಕೊಟ್ಟುಬಿಟ್ಟಳು. "ಬಸ್ಸಿನ್ಯಾಗ ನಿಂತ ಕಾಲು ಇವು. ನಡೀಲಿಕ್ಕೆ ಬ್ಯಾರೇ ಕಾಲ ಬೇಕು ನೋಡು" ಎಂದಳು. ಆದರೂ ಚಟ ಹೋಗಲಿಲ್ಲ. ಸಂಜೆ ಆಶ್ರಮಕ್ಕೆ ಬರುವ ಯಾತ್ರಿಕರ ಪಾದ ನೋಡಿ, ಧೂಳಿಲ್ಲದವರನ್ನು ಎಣಿಸುತ್ತಿದ್ದಳು. ಗುಡ್ಡಗಾಡಿನಲ್ಲಿ ಭಿಲ್ಲರ ಹೆಂಗಸೊಬ್ಬಳು ತನ್ನ ಪಾಲಿನ ರೊಟ್ಟಿ ಕೊಟ್ಟು, ಹಾಸಿಗೆ ಬಿಟ್ಟುಕೊಟ್ಟಳು. ಬೆಳಿಗ್ಗೆ ಇವಳು ಬದಲಿಗೆ ಏನು ಕೇಳಿಯಾಳೋ ಎಂದು ಆತ್ಯಾ ಕಾದಳು. ಅವಳು ಏನೂ ಕೇಳಲಿಲ್ಲ. ಅದನ್ನು ಆತ್ಯಾ ಅವತ್ತು ಫೋನಿನಲ್ಲಿ ಎರಡು ಸಲ ಹೇಳಿದಳು.

ಎರಡು ದಿನದ ಮೇಲೆ, ಮೊಣಕಾಲು ಬಾತಿದೆ, ಏಳಲಾಗುತ್ತಿಲ್ಲ ಎಂದಳು. ಮರುಸಂಜೆ ನೋಡಿದರೆ ಮುಂದಿನ ಊರು ಮುಟ್ಟಿದ್ದಳು.

"ಹೆಂಗ ಹೋದ್ರಿ ಆತ್ಯಾ?"

"ಬಂದೆ" ಎಂದು ಫೋನಿಟ್ಟಳು. ನನಗೆ ಅನುಮಾನ ಬಂತು. ಅನುಮಾನ ಬಂದದ್ದಕ್ಕೆ ನನ್ನ ಮೇಲೇ ಹೇಸಿಕೆ ಬಂತು. ಎಷ್ಟೆಂದರೂ ಅವಳ ಅಣ್ಣನ ಮಗಳು ನಾನು.

ಸಮುದ್ರ ದಾಟಿ ಉತ್ತರ ದಂಡೆಗೆ ಬಂದು, ಕೊನೆಗೂ ಆ ಎರಡನೇ ಸಿಕ್ಕಾದ ಆಶ್ರಮ ತಲುಪಿದಳು. ಅಲ್ಲಿ ಸಿಕ್ಕಾ ಒತ್ತುವ ಮುದುಕನಿಗೆ ಫೋಟೋ ತೋರಿಸಿ, ಗಂಡನ ಹೆಸರು, ಊರು ಹೇಳಿದಳು. ಸಾವಿರಾರು ಜನ ಬಂದುಹೋಗುವ ಜಾಗ. ಆದರೂ ಅವನಿಗೆ ನೆನಪಿತ್ತು. ಹಿಂದಿನ ಆಶ್ರಮದಲ್ಲಿ ಯಾತ್ರಿಕನೊಬ್ಬನಿಗೆ ಎದೆನೋವು ಬಂದಿತ್ತು. ಜೊತೆಗೆ ಯಾರೂ ಇರಲಿಲ್ಲ. ಕಾಕಾ ಅವನನ್ನು ಜೀಪಿನಲ್ಲಿ ಹಾಕಿಕೊಂಡು ಈ ಊರಿನ ಆಸ್ಪತ್ರೆಗೆ ತಂದು, ಆ ದಿನ ಈ ಆಶ್ರಮದಲ್ಲಿ ಉಳಿದರು. ಮುದುಕ ರೂಢಿಯಂತೆ ಸಿಕ್ಕಾ ಒತ್ತಿದ. ಬೆಳಿಗ್ಗೆ ಕಾಕಾ ಬಸ್ಸು ಹತ್ತಿ ಅರವತ್ತು ಕಿಲೋಮೀಟರ್ ಹಿಂದೆ ಹೋದರು. ಯಾರು ನೋಡುತ್ತಾರೆ, ಮುಂದೆ ನಡೆಯಿರಿ ಎಂದು ಎಲ್ಲರೂ ಹೇಳಿದರೂ ಕೇಳಲಿಲ್ಲ. ನಡುವೆ ಆಶ್ರಮವಿಲ್ಲದ್ದರಿಂದ ಹಳ್ಳಿಗರ ಮನೆಗಳಲ್ಲಿ ಉಳಿಯುತ್ತ ಮೂರನೇ ದಿನ ನಡೆದು ಬಂದಾಗ, ಒಮ್ಮೆ ಒತ್ತಿದ ಸಿಕ್ಕಾ ಮತ್ತೆ ಯಾಕೆಂದು ಮುದುಕ ಒತ್ತಲಿಲ್ಲ. ಹಾಗೆ ಹಿಂದೆ ಹೋಗಿ ನಡೆದು ಬಂದ ಇನ್ನೊಬ್ಬ ಮನುಷ್ಯನನ್ನು ಅವನು ಎಂದೂ ನೋಡಿರಲಿಲ್ಲವಂತೆ, ಅದಕ್ಕೇ ನೆನಪು.

ಆತ್ಯಾಳ ಫೋನು ಬಂದಾಗ ನಾನು ಕಾಕಾನ ಎದುರಿಗೇ ಇದ್ದೆ. ಇಷ್ಟೂ ಹೇಳಿದವಳು ಸ್ಪೀಕರ್ ಹಾಕಿಸಿ ಕಾಕಾನನ್ನೇ ಕೇಳಿದಳು.

"ಆಸ್ಪತ್ರಿ ವಿಷಯ ಯಾಕ ಹೇಳಲಿಲ್ರಿ ನೀವು?"

"ನಡದ್ರೇನು ಅಂತ ಕೇಳಿದಿ. ನಡದೇನಿ ಅಂದೆ. ಅದನ್ನ ನಂಬಲಿಲ್ಲ. ಮುಂದಿಂದು ಹೇಳಿದ್ರ ನಂಬ್ತಿದ್ದಿ ಏನು?"

ಆ ಕಡೆ ಆತ್ಯಾ ಅತ್ತಳು. ನಾನು ಅವಳ ಅಳು ಕೇಳಿದ್ದು ಅದೇ ಮೊದಲು. ಆಗಲೂ ನನಗೆ ಕನಿಕರ ಬರಲಿಲ್ಲ. ಘಾಟಿನಲ್ಲಿ ಹೋದ ಮರ್ಯಾದೆ ಫೋನಿನಲ್ಲಿ ಅತ್ತರೆ ವಾಪಸು ಬರುತ್ತದೆಯೇ?

ಪರಿಕ್ರಮ ಮುಗಿಸಿ ಬಂದವಳು ತಾನೇ ಸಮಾರಾಧನೆ ಇಟ್ಟಳು. ಅವತ್ತಿನ ಜನರನ್ನೇ ಹುಡುಕಿ ಕರೆದಳು, ಘಾಟಿನವರನ್ನೂ ಬಿಡಲಿಲ್ಲ. ಕಾಕಾನನ್ನು ಪಂಕ್ತಿಯ ಮೊದಲ ಎಲೆಗೆ ಕೂರಿಸಿದಳು. ಅನ್ನ ಬಡಿಸುವಾಗ ಘಾಟಿನವರಲ್ಲಿ ಒಬ್ಬರು ಕಾಕಾನ ಕಡೆ ಓರೆಗಣ್ಣಿನಿಂದ ನೋಡುತ್ತ, "ಕೃಷ್ಣಾಬಾಯಿಯವ್ರ, ನೀವರ ಪೂರಾ ನಡದ್ರೇನ್ರಿ?" ಎಂದರು.

"ಇಲ್ರಿ" ಎಂದಳು ಆತ್ಯಾ. "ಮೊಣಕಾಲ ಬಾತಿತ್ತು. ಹಾಲಿನವನ ಮೋಟರ್‌ಸೈಕಲ್ ಮ್ಯಾಲ ನಾಕ ಕಿಲೋಮೀಟರ್ ಕುಂತ ಬಂದೇನಿ. ತಿರಗಿ ಹೋಗಿ ನಡೀಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಇವ್ರು ಒಬ್ಬನ ಜೀವಾ ಉಳಸ್ಲಿಕ್ಕೆ ಜೀಪ ಹತ್ತಿದ್ರು, ಅರವತ್ತು ಕಿಲೋಮೀಟರ್ ಹಿಂದ ಹೋಗಿ ಮತ್ತ ನಡದಾರ. ಪೂರಾ ನಡದವ್ರು ಇವ್ರು. ಅವತ್ತ ಎಲ್ಲಾರ ಮುಂದ ನಾ ಇವ್ರ ಮ್ಯಾಲ ಸುಳ್ಳ ಹೊರಸಿದೆ. ನಂದು ತಪ್ಪಾತು."

ನಾನು ಹೋಗಿ ಅವಳ ಜೊತೆ ಅನ್ನದ ಪಾತ್ರೆ ಹಿಡಿದುಕೊಂಡೆ. ಐದು ವರ್ಷದ ಸಿಟ್ಟು ಎಲ್ಲಿ ಹೋಯಿತೋ, ನನ್ನ ಕಣ್ಣೂ ತುಂಬಿತ್ತು.

ಕಾಕಾ ನಿಧಾನವಾಗಿ ತಲೆಯೆತ್ತಿದರು.

"ಆ ನಾಕ ಕಿಲೋಮೀಟರ್ ಬಿಡಬಾರದು. ಮುಂದಿನ ವಾರ ಹೋಗಿ ನಡದ ಬರೋಣ."

"ನೀವ್ಯಾಕ್ರಿ ಬರೋದು?"

"ನೀ ನಡೀತಿಯೋ ಇಲ್ಲೋ ನೋಡ್ಲಿಕ್ಕೆ" ಎನ್ನುತ್ತ ಎಲೆಗೆ ಅನ್ನ ಹಾಕೆಂದು ಕೈ ತೋರಿಸಿದರು.