ಪಟ್ಟಿಯಿಲ್ಲದ ಮುಸುಕು

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ಆಗ ನಿಮಗೆ ಜ್ವರಗಿರ ಇತ್ತೇ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವನು ನಾನು. ಈಗ ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ. ನನ್ನ ಮಾತನ್ನು ನೀವು ನಂಬಲೇಬೇಕೆಂದೇನೂ ಇಲ್ಲ, ನಾನೇ ಪೂರ್ತಿ ನಂಬಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಕಾರ್ಖಾನೆಗಳ ಕರೆಂಟಿನ ಪ್ಯಾನೆಲ್ ಸಿಡಿದು ಬೆಂಕಿ ಹೊರಬಿದ್ದರೆ ಎದುರಿಗಿದ್ದವನು ಎಷ್ಟು ಸುಡುತ್ತಾನೆ, ಆತ ಎಷ್ಟು ದೂರ ನಿಲ್ಲಬೇಕು, ಏನು ತೊಡಬೇಕು ಎಂದು ಲೆಕ್ಕ ಹಾಕಿ ವರದಿ ಕೊಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ, ಮೇ ತಿಂಗಳಲ್ಲಿ, ಹೊನ್ನಾವರದ ಬಂದರಿನ ಹತ್ತಿರದ ಒಂದು ಐಸ್ ಫ್ಯಾಕ್ಟರಿಗೆ ಹೋಗಿದ್ದೆ. ಅಲ್ಲಿಗೆ ಅದು ಎರಡನೆಯ ಭೇಟಿ. ಮೊದಲ ಸಲ ಹೋದದ್ದು ಅಲ್ಲಿನ ಆಪರೇಟರ್ ಮಾಸ್ತಪ್ಪ ಸುಟ್ಟುಕೊಂಡಾಗ. ತೆರೆದ ಪ್ಯಾನೆಲ್ ಎದುರು ಕೆಲಸ ಮಾಡುವವರು ದಪ್ಪ ಕೋಟು, ಅದರ ಮೇಲೆ ತಲೆಯಿಂದ ಎದೆಯವರೆಗೆ ಇಳಿಯುವ ಮುಸುಕು ಹಾಕಿಕೊಳ್ಳಬೇಕು. ಮುಸುಕಿಗೆ ನೋಡಲು ಒಂದು ಗಾಜಿನ ಕಿಂಡಿ, ಜಾರದಂತೆ ಕಂಕುಳ ಕೆಳಗೆ ಬಿಗಿಯಲು ಒಂದು ಪಟ್ಟಿ ಇರುತ್ತವೆ. ಮಾಸ್ತಪ್ಪ ಬೆವರು ಒರೆಸಲು ಮುಸುಕು ತೆಗೆದಿದ್ದ. ಅದೇ ಹೊತ್ತಿಗೆ ಪ್ಯಾನೆಲ್ ಸಿಡಿದು ಬಲಗೆನ್ನೆ, ಕಿವಿ ಬೆಂದುಹೋದವು. ‘ಕಾರ್ಮಿಕನ ಅಜಾಗರೂಕತೆ’ ಎಂದು ವರದಿ ಬರೆದವನು ನಾನೇ.

ಈ ಸಲ ಹೋದಾಗ ಆ ಉಡುಪು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಮಾಸ್ತಪ್ಪನಿಗೆ ಚೆನ್ನಾಗಿ ಬೈದೆ. ಸುಟ್ಟ ಮೇಲೂ ಬುದ್ಧಿ ಬರಲಿಲ್ಲವೇ, ಹತ್ತು ನಿಮಿಷ ತೊಟ್ಟುಕೊಳ್ಳಲು ಏನು ಕಷ್ಟ ಎಂದೆ. ಆತ ಸಿಟ್ಟಾಗಲಿಲ್ಲ.

“ನೀವೇ ಒಂದ್ಸಲ ಅದ್ರೊಳಗೆ ಹೊಕ್ಕಿ ನೋಡಿ ಸರ್,” ಎಂದ ಅಷ್ಟೆ.

ಹಟಕ್ಕೆ ಬಿದ್ದು ಅದನ್ನೇ ತೊಟ್ಟೆ. ಮುಸುಕನ್ನು ಆತ ಹಿಂದಿನಿಂದ ನನ್ನ ತಲೆಗೆ ಇಳಿಸಿ, ಸುರಕ್ಷಿತ ದೂರಕ್ಕೆಂದು ನೆಲದ ಮೇಲೆ ಎಳೆದ ಕೆಂಪು ಗೆರೆಯ ಆಚೆ ಹೋಗಿ ನಿಂತ. ಉಡುಪನ್ನು ಮೊದಲು ಪರೀಕ್ಷಿಸಬೇಕಾದವನು ನಾನು. ಬೈಯುವ ಭರದಲ್ಲಿ ಅದನ್ನು ಮರೆತೆ.

ಬೋಟುಗಳು ಐಸಿಗೆ ಕಾಯುತ್ತಿದ್ದುದರಿಂದ ಮಾಲೀಕರು ಕರೆಂಟು ತೆಗೆಯಲು ಒಪ್ಪಿರಲಿಲ್ಲ, ನಾನೂ ಜೋರು ಮಾಡಿರಲಿಲ್ಲ. ಪ್ಯಾನೆಲ್ ಬಾಗಿಲು ತೆರೆದು ಒಳಗಿನ ವಿವರ ಬರೆದುಕೊಳ್ಳತೊಡಗಿದೆ. ಮಟಮಟ ಮಧ್ಯಾಹ್ನದ ಸೆಕೆ. ಐದು ನಿಮಿಷಕ್ಕೆಲ್ಲ ಕಿಂಡಿ ಮಂಜಾಯಿತು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು, ಒರೆಸುವಂತಿಲ್ಲ. ಬಿಟ್ಟ ಉಸಿರೇ ತಿರುಗಿ ಮುಖಕ್ಕೆ ಬರುತ್ತಿತ್ತು. ಕೋಣೆ ಇಕ್ಕಟ್ಟು. ಹಿಂದೆ ಸರಿದರೆ ಬೆನ್ನಿಗೆ ಗೋಡೆ ತಾಗಿತು, ಹೊರಗೆ ಹೋಗುವ ಬಾಗಿಲು ಯಾವ ಕಡೆಗೆ ಎಂಬುದೇ ತಿಳಿಯದಾಯಿತು. ಬಾವಿಗೆ ಇಳಿದವನ ತಲೆಯ ಮೇಲೆ ಯಾರೋ ಹಲಗೆ ಮುಚ್ಚಿದ ಹಾಗಿತ್ತು. ನನಗೆ ವಿಪರೀತ ಹೆದರಿಕೆಯಾಯಿತು. ನಿಯಮ ಗಿಯಮ ಎಲ್ಲ ಮರೆತು ಎರಡೂ ಕೈಯಲ್ಲಿ ಮುಸುಕು ಹಿಡಿದು ಮೇಲಕ್ಕೆ ಎಳೆದೆ.

ಬರಲಿಲ್ಲ. ಕಂಕುಳ ಕೆಳಗೆ ಪಟ್ಟಿ ಬಿಗಿದು ಹಿಡಿದಿತ್ತು. ಎಳೆದಷ್ಟೂ ಅದು ಬಿಗಿಯಾಯಿತು. ಇನ್ನು ಇದರೊಳಗೇ ನನ್ನ ಕತೆ ಮುಗಿಯಿತು ಎನಿಸಿ ಅಳು ಬಂತು. ಮೂರನೆಯ ಸಲ ಎಳೆಯುತ್ತಿದ್ದಾಗ ಪ್ಯಾನೆಲ್ ಸಿಡಿಯಿತು.

ಕಿಂಡಿಯ ತುಂಬ ಬಿಳಿ ಬೆಳಕು, ಎದೆಗೆ ಗುದ್ದಿದಂಥ ಸದ್ದು. ನಾನು ಗೋಡೆಗೊರಗಿ ಕುಸಿದೆ. ಮಾಸ್ತಪ್ಪ ಹೊರಗಿನ ಸ್ವಿಚ್ ತೆಗೆದು ಓಡಿಬಂದವನು ಒಂದೇ ಕೈಯಲ್ಲಿ ಮುಸುಕನ್ನು ಎತ್ತಿ ತೆಗೆದ. ಅದರ ಮುಂಭಾಗ ಪೂರ್ತಿ ಕರಕಲಾಗಿತ್ತು. ನನ್ನ ಮುಖದ ಮೇಲೆ ಒಂದು ಗುಳ್ಳೆಯೂ ಎದ್ದಿರಲಿಲ್ಲ. ಪ್ಯಾನೆಲ್ಲಿನೊಳಗೆ ಒಂದು ಹಲ್ಲಿ ಸುಟ್ಟು ಅಂಟಿಕೊಂಡಿತ್ತು. ಸಿಡಿದದ್ದು ಅದರಿಂದ, ಅದರಲ್ಲಿ ವಿಚಿತ್ರವೇನಿಲ್ಲ.

ಪಟ್ಟಿ ಗಟ್ಟಿಯಾಗಿ ಕಟ್ಟಿದ್ದಕ್ಕೆ ಬದುಕಿಕೊಂಡೆ ಮಾರಾಯ ಎಂದೆ. ಮಾಸ್ತಪ್ಪ ನನ್ನ ಮುಖವನ್ನೇ ನೋಡಿದ.

“ಪಟ್ಟಿ ಕಿತ್ತೋಗಿ ವರ್ಷ ಆತು ಸರ್. ಸುಮ್ನೆ ತಲೆ ಮೇಲೆ ಇಟ್ಟಿದ್ದೆ. ನೀವು ಅಷ್ಟೊತ್ತು ಎಂತ ಎಳೀತಿದ್ರಿ?”

ಮುಸುಕನ್ನು ತಿರುವಿ ಹಾಕಿ ನೋಡಿದೆ. ಪಟ್ಟಿ ಇರಬೇಕಾದಲ್ಲಿ ನಾಲ್ಕು ದಾರದ ಎಳೆ ಜೋಲುತ್ತಿದ್ದವು.

ಬೆವರಿಗೆ ಬಟ್ಟೆ ಅಂಟಿತ್ತು, ಗಾಬರಿಯಲ್ಲಿ ಮುಸುಕು ಬಿಟ್ಟು ಕೋಟನ್ನೇ ಎಳೆದೆ ಎಂದೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಕಂಕುಳಲ್ಲಿ ಬಿಗಿದದ್ದು ಮಾತ್ರ ಯಾವ ಸಮಾಧಾನಕ್ಕೂ ಬಗ್ಗುವುದಿಲ್ಲ.

ಹೊರಡುವ ಮೊದಲು ಮಾಸ್ತಪ್ಪ ಕುಡಿಯಲು ನೀರು ತಂದುಕೊಟ್ಟ. ಸುಟ್ಟ ಕೆನ್ನೆ ಸವರಿಕೊಳ್ಳುತ್ತ ಮೆಲ್ಲಗೆ ಹೇಳಿದ: “ನಾ ಸುಟ್ಕಂಡ ದಿನ ಇದ್ರ ಪಟ್ಟಿ ಗಟ್ಟಿ ಇತ್ತು ಸರ್. ಆದ್ರೂ ಒಂದೇ ಎಳೆತಕ್ಕೆ ಬಂತು.”

ನೀರು ಕುಡಿದು ಲೋಟವನ್ನು ಅವನ ಕೈಗೆ ಕೊಟ್ಟೆ. ಇವತ್ತಿಗೂ ಆ ಹಳೆಯ ವರದಿಯಲ್ಲಿ ‘ಅಜಾಗರೂಕತೆ’ ಎಂಬ ಮಾತೂ ಅದರ ಕೆಳಗೆ ನನ್ನ ರುಜುವೂ ಹಾಗೇ ಇವೆ.